ಬೇತಮಂಗಲದ ಕೆರೆಯಲ್ಲಿ ಲಂಗರು ನಿಂತ ಮಳೆಗಾಲ

ಹೋದ ತಿಂಗಳು ಬಂಗಾರಪೇಟೆಗೆ ಹೋಗಿದ್ದೆ. ರೈಲಿಳಿದು ಪೇಟೆ ಬೀದಿಗೆ ತಿರುಗುವಲ್ಲಿ ಒಂದು ಹಗ್ಗದ ಅಂಗಡಿಯಿದೆ. ಅದರ ಮುಂದೆ, ಟಾರಿನಲ್ಲಿ ಅದ್ದಿ ತೆಗೆದ ತೆಂಗಿನ ನಾರಿನ ದಪ್ಪ ಹಗ್ಗವನ್ನು ಬಿಸಿಲಿಗೆ ಹರಡಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ನಿಂತುಬಿಟ್ಟಿತು. ಅಂಗಡಿಯವನು, "ಎಷ್ಟು ಮಾರು ಬೇಕು ಯಜಮಾನ್ರೇ?" ಎಂದು ಕೇಳಿದ. ವಾಸನೆ ಕುಡಿಯುತ್ತ ನಿಂತಿದ್ದೇನೆ ಎಂದರೆ ನಕ್ಕುಬಿಟ್ಟಾನೆಂದು ತಲೆಯಾಡಿಸಿ ಮುಂದಕ್ಕೆ ನಡೆದೆ. ಮನಸ್ಸು ಮಾತ್ರ ಆಗಲೇ ಬೇತಮಂಗಲದ ಕೆರೆ ಸೇರಿಯಾಗಿತ್ತು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳು ಬಾಕಿಯಿದ್ದ ಒಂದು ಮಳೆಗಾಲ ಅದು. ನನ್ನ ಬದುಕು ಆ ಮಳೆಗಾಲದಲ್ಲಿ ಗಣಿಯಿಂದ ನೀರಿನ ಕಡೆಗೆ ತಿರುಗಿತು.

ಆಗ ನಾನು ಚಿನ್ನದ ಗಣಿಯಲ್ಲಿ ಫಿಟ್ಟರ್. ನೆಲದಡಿಯ ಸುರಂಗಗಳಲ್ಲಿ ಒಸರುವ ನೀರನ್ನು ಮೇಲಕ್ಕೆತ್ತುವ ಪಂಪುಗಳು ನನ್ನ ಸುಪರ್ದಿಯಲ್ಲಿದ್ದವು. ಆ ವರ್ಷದ ಬೇಸಿಗೆಯಲ್ಲಿ, ನಾನು ಕೆಲಸ ಮಾಡುತ್ತಿದ್ದ ಕಡೆ ಬಂಡೆ ಸಿಡಿಯಿತು. ನಾವು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದೆವು. ದೊಡ್ಡದೇನಲ್ಲ, ಯಾರೂ ಸಾಯಲಿಲ್ಲ. ನನ್ನ ಎಡ ಹೆಗಲಿನ ಮೂಳೆ ಮುರಿಯಿತು, ಅಷ್ಟೆ. ಮೂಳೆ ಕೂಡಿದ ಮೇಲೂ ಡಾಕ್ಟರು, ಮಳೆಗಾಲ ಮುಗಿಯುವವರೆಗೆ ಕೆಳಗಿಳಿಯಕೂಡದು ಎಂದರು. ಹಾಗಾಗಿ ನನ್ನನ್ನು ಬೇತಮಂಗಲಕ್ಕೆ ಹಾಕಿದರು. ಗಣಿಗೂ ಗಣಿಯವರ ಮನೆಗಳಿಗೂ ಕುಡಿಯುವ ನೀರು ಹೋಗುತ್ತಿದ್ದದ್ದು ಅಲ್ಲಿನ ಕೆರೆಯಿಂದಲೇ.

ಸುದ್ದಿ ಹೇಳಿದಾಗ ನನ್ನ ಹೆಂಡತಿ ಲಕ್ಷ್ಮಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಕೇಳಿದಳು:

"ಭೂಮಿ ಮ್ಯಾಲಿನ ಕೆಲ್ಸಾನಾ? ಆಕಾಶ ಕಾಣ್ತದಾ?"

"ಆಕಾಶ, ನೀರು, ಎರಡೇ ಕಾಣೋದಂತೆ."

"ಅಂಗಾದ್ರೆ ಇವತ್ತೇ ಓಗಾನ," ಎಂದು ಎದ್ದುನಿಂತಳು.

ಕೆರೆಯ ಏರಿಯ ಕೆಳಗೆ ನಮಗೊಂದು ಹೆಂಚಿನ ಮನೆ ಕೊಟ್ಟರು. ನನ್ನ ಮೇಲಿನವರು ಓವರ್ಸಿಯರ್ ಶ್ರೀಕಂಠಯ್ಯನವರು. ಬೆಂಗಳೂರಿನ ಕಡೆಯವರು, ತೆಳ್ಳಗೆ, ಯಾವಾಗಲೂ ಕೊಡೆ ಹಿಡಿದವರು. ಕೆರೆಯೊಳಗೆ, ಏರಿಯಿಂದ ಸ್ವಲ್ಪ ದೂರದಲ್ಲಿ ಕಲ್ಲಿನ ಒಂದು ಗೋಪುರವಿತ್ತು. ಅದರ ಬುಡದಲ್ಲಿದ್ದ ಕಬ್ಬಿಣದ ಜಾಲರಿಯ ಮೂಲಕ ನೀರು ಪಂಪಿನ ಮನೆಗೆ ಹೋಗಬೇಕು. ಗಾಳಿ ಬೀಸಿದಾಗಲೆಲ್ಲ ಕೆರೆಯ ಪಾಚಿ, ಜೊಂಡು ಎಲ್ಲ ಬಂದು ಆ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ಅದನ್ನು ಬಿಡಿಸಿ ಎಳೆದುಕೊಂಡು ಹೋಗಿ ದಡಕ್ಕೆ ಹಾಕಲು, ಮದ್ರಾಸಿನ ಬಂದರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಒಂದು ಸಣ್ಣ ಮೋಟಾರು ದೋಣಿಯನ್ನು ತರಿಸಿದ್ದರು. ಬಂಗಾರಪೇಟೆಯವರೆಗೆ ರೈಲಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಗಳ ಮೇಲೆ ಅದು ಬಂದದ್ದನ್ನು ನೋಡಲು ದಾರಿಯುದ್ದಕ್ಕೂ ಹಳ್ಳಿಗಳೇ ಸೇರಿದ್ದುವಂತೆ.

ದೋಣಿಯ ಎಂಜಿನ್ ನನಗೆ ಮೊದಲ ದಿನವೇ ಒಗ್ಗಿತು. ಪಂಪಿನ ಎಂಜಿನ್‌ಗೆ ತಮ್ಮನ ಹಾಗಿತ್ತು. ನನ್ನ ಜೊತೆಗಿದ್ದವನು ಯಲ್ಲಪ್ಪಣ್ಣ. ಬೇತಮಂಗಲದವನು, ಹುಟ್ಟಿದಾಗಿನಿಂದ ತೆಪ್ಪದ ಮೇಲೆ ಮೀನು ಹಿಡಿದವನು, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯ. ನಾನು ಎಂಜಿನ್ ನೋಡಿಕೊಳ್ಳುವುದು, ಅವನು ಉದ್ದನೆಯ ಕೊಕ್ಕೆ ಹಿಡಿದು ಜಾಲರಿಯ ಪಾಚಿ ಕೀಳುವುದು. ಅವನು ಕೀಳುವಷ್ಟು ಹೊತ್ತೂ ದೋಣಿ ಗೋಪುರದ ಪಕ್ಕದಲ್ಲಿ ಅಲುಗದೆ ನಿಲ್ಲಬೇಕಿತ್ತು. ಅದು ನಿಲ್ಲಲೊಲ್ಲದು.

ದೋಣಿಯ ಜೊತೆಗೆ ಬಂದಿದ್ದ ಲಂಗರು ನಾಲ್ಕು ಕೊಕ್ಕೆಯದು. ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಪಾತಾಳಗರಡಿಯ ಹಾಗೇ ಇತ್ತು. ಮೊದಲ ದಿನ ಅದನ್ನು ಠೀವಿಯಿಂದ ಬೀಸಿ ಎಸೆದೆ. ಹಗ್ಗದ ತುದಿಯನ್ನು ಎಂಜಿನ್‌ಗೆ ಹತ್ತಿರವೆಂದು ಹಿಂಭಾಗದ ಗೂಟಕ್ಕೆ ಕಟ್ಟಿದೆ. ಆಷಾಢದ ಗಾಳಿ. ಹಗ್ಗ ಬಿಗಿಯಾದ ತಕ್ಷಣ ದೋಣಿಯ ಹಿಂಭಾಗ ಅಲೆಗೆ ಎದುರಾಗಿ, ನೀರು ಎಂಜಿನ್ ಮೇಲೆಯೇ ಹಾರಿ ಬಂತು. ಯಲ್ಲಪ್ಪಣ್ಣ ತಗಡಿನ ಡಬ್ಬಿಯಿಂದ ನೀರೆತ್ತಿ ಹಾಕುತ್ತ, "ನಾರಾಣಪ್ಪ, ಎತ್ತಿನ ಬಾಲ ಹಿಡ್ಕಂಡು ಗಾಡಿ ನಿಲ್ಲಿಸ್ತಾರೇನ್ಲಾ? ಮೂತಿಗೆ ಕಟ್ಲಾ!" ಎಂದು ಕೂಗಿದ.

ಮೂತಿಗೆ ಕಟ್ಟಿದ ಮೇಲೆ ನೀರು ಬರುವುದು ನಿಂತಿತು. ದೋಣಿ ಮಾತ್ರ ಜಾರುತ್ತಲೇ ಇತ್ತು. ಎತ್ತಿ ನೋಡಿದರೆ, ನಾಲ್ಕು ಕೊಕ್ಕೆಗೂ ಪಾಚಿ ಸುತ್ತಿಕೊಂಡು ಕುಂಬಳಕಾಯಿಯಷ್ಟು ದಪ್ಪದ ಉಂಡೆಯಾಗಿತ್ತು. ಆ ಉಂಡೆ ಮೆತ್ತನೆಯ ಕೆಸರಿನ ಮೇಲೆ ಉರುಳಿಕೊಂಡು ನಮ್ಮ ಹಿಂದೆಯೇ ಬರುತ್ತಿತ್ತು.

ಹಗುರವಾದದ್ದಕ್ಕೇ ಹೀಗೆ ಎಂದುಕೊಂಡು, ಗಣಿಯ ವರ್ಕ್‌ಶಾಪಿನಿಂದ ಒಂದು ದೊಡ್ಡ ಕಬ್ಬಿಣದ ತುಂಡು ತರಿಸಿದೆ. ಅದನ್ನು ಎತ್ತುವಾಗ ಯಲ್ಲಪ್ಪಣ್ಣನ ಸೊಂಟ ಹಿಡಿಯಿತು. ಇಷ್ಟೆಲ್ಲ ಆಗಿಯೂ ಗಾಳಿ ಜೋರಾದಾಗ ಆ ತುಂಡು ಕೆಸರಿನಲ್ಲಿ ನೊಗ ಕಳಚಿದ ಎತ್ತಿನ ಹಾಗೆ ಆರಾಮಾಗಿ ನಡೆದುಬಂತು. ದೋಣಿ ಗೋಪುರಕ್ಕೆ ಢೀ ಕೊಟ್ಟಿತು. ಅಂಚಿನಲ್ಲಿ ನಿಂತಿದ್ದ ಯಲ್ಲಪ್ಪಣ್ಣ ಕೊಕ್ಕೆಯ ಸಮೇತ ನೀರಿಗೆ ಬಿದ್ದ. ಅವನಿಗೇನೂ ಆಗಲಿಲ್ಲ, ಬಾಯಲ್ಲಿದ್ದ ಎಲೆಯಡಿಕೆಯನ್ನೂ ಉಗುಳದೆ ಮೇಲೆ ಬಂದ. ಆದರೆ ಏರಿಯ ಮೇಲಿಂದ ನೋಡುತ್ತಿದ್ದ ಶ್ರೀಕಂಠಯ್ಯನವರ ಮುಖ ಬಿಳಿಚಿಕೊಂಡಿತ್ತು.

ದಡಕ್ಕೆ ಬಂದಾಗ ಅವರು ಮೆಲ್ಲನೆಯೇ ಹೇಳಿದರು: "ದೋಣಿಗೂ ಕಲ್ಲಿಗೂ ನಡುವೆ ಅವನ ಕಾಲು ಸಿಕ್ಕಿದ್ದರೆ? ನಾರಾಯಣಪ್ಪ, ಕೆರೆ ತುಂಬೋದರೊಳಗೆ ಇದಕ್ಕೊಂದು ದಾರಿ ಆಗಬೇಕು. ದೋಣಿ ಕೆಲಸಕ್ಕೆ ಬಂದರೆ ಇಲ್ಲಿ ಒಬ್ಬ ಖಾಯಂ ಡ್ರೈವರ್ ಬೇಕು ಅಂತ ನಾನೇ ಮೇಲಿನವರಿಗೆ ಹೇಳ್ತೀನಿ. ಇಲ್ಲದಿದ್ದರೆ ಇದನ್ನ ವಾಪಸ್ ಕಳಿಸ್ತಾರೆ, ನಿನ್ನನ್ನೂ."

ನನ್ನನ್ನು ವಾಪಸ್ ಎಂದರೆ ಎಲ್ಲಿಗೆ ಎಂದು ಹೇಳಬೇಕಾಗಿರಲಿಲ್ಲ. ಅಂದು ಮನೆಯಲ್ಲಿ ಅದನ್ನು ಹೇಳಿದಾಗ ಲಕ್ಷ್ಮಮ್ಮ ಮುದ್ದೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಅಂಗಾದ್ರೆ ಅದು ನಿಲ್ಲಬೇಕು," ಎಂದಳು, ಯಾರದೋ ಮನೆಯ ಹಟಮಾರಿ ಕೂಸಿನ ವಿಷಯ ಹೇಳುವ ಹಾಗೆ.

ಆ ವಾರ ಬೂದಿಕೋಟೆಯ ನಮ್ಮ ಮನೆಗೆ ಹೋಗಿದ್ದೆವು. ಒಳ್ಳೆಯ ಹದ ಮಳೆಯಾಗಿ, ನಮ್ಮಣ್ಣ ರಾಗಿ ಹೊಲ ಉಳುತ್ತಿದ್ದ. ನಾನು ಬದುವಿನ ಮೇಲೆ ಕುಳಿತು ಸುಮ್ಮನೆ ನೋಡುತ್ತಿದ್ದೆ. ಸಾಲಿನ ಕೊನೆಯಲ್ಲಿ ತಿರುಗುವಾಗ ಅಣ್ಣ ಮೇಣಿಯನ್ನು ಎತ್ತಿದರೆ ನೇಗಿಲು ಹಗುರವಾಗಿ ಮೇಲೆ ಬರುತ್ತಿತ್ತು. ಮತ್ತೆ ನೆಲಕ್ಕಿಟ್ಟು, ಎತ್ತುಗಳು ಮುಂದಕ್ಕೆ ಎಳೆದ ಹಾಗೆಲ್ಲ ಒಳಕ್ಕೊಳಕ್ಕೆ ಇಳಿಯುತ್ತಿತ್ತು. ಇದನ್ನೇ ಎಳೆಯ ವಯಸ್ಸಿನಿಂದ ಸಾವಿರ ಸಲ ನೋಡಿದ್ದೆ. ಅವತ್ತು ಮಾತ್ರ ದಡಬಡಿಸಿ ಎದ್ದು ಮನೆಯಿಂದ ಪಿಕಾಸಿ, ಬಾವಿ ಹಗ್ಗ ತಂದೆ. ಪಿಕಾಸಿಗೆ ಹಗ್ಗ ಕಟ್ಟಿ, ಕೆಸರಾಗಿದ್ದ ಮೂಲೆಯಲ್ಲಿ ಇಟ್ಟು, ಲಕ್ಷ್ಮಮ್ಮನನ್ನು ಬದುವಿನ ಮೇಲೆ ಹತ್ತಿರದಲ್ಲೇ ನಿಲ್ಲಿಸಿ ಎಳೆಯಲು ಹೇಳಿದೆ. ಪಿಕಾಸಿ ತಲೆಯೆತ್ತಿಕೊಂಡು ಜಾರಿ ಬಂತು. ಆಮೇಲೆ ದೂರ ಕಳಿಸಿ, ಕುಳಿತುಕೊಂಡು ನೆಲಕ್ಕೆ ಸಮವಾಗಿ ಎಳೆಯಲು ಹೇಳಿದೆ. ಪಿಕಾಸಿಯ ಮೊನೆ ಕೆಸರಿನೊಳಗೆ ಹೂತುಕೊಂಡಿತು. ಅವಳು ಹಿಂದಕ್ಕೆ ವಾಲಿ ಎಳೆದಷ್ಟೂ ಇನ್ನೂ ಆಳಕ್ಕೆ ಹೋಯಿತು.

ಅಣ್ಣ ಎತ್ತು ನಿಲ್ಲಿಸಿ ನೋಡಿದ. "ಏನ್ಲಾ ನಾರಾಣಿ, ಗಣಿಯಾಗೆ ತಲೆಗೂ ಕಲ್ಲು ಬಿದ್ದಿತ್ತಾ?"

"ಸುಮ್ನಿರಿ ಬಾವಾ," ಎಂದಳು ಲಕ್ಷ್ಮಮ್ಮ, ಕೆಸರಿನಲ್ಲಿ ಕುಳಿತೇ ಉಸಿರುಬಿಡುತ್ತ. "ಏನೋ ಗೊತ್ತಾಗೈತೆ ಅವ್ರಿಗೆ. ಮೊಕ ನೋಡಿ."

ಗೊತ್ತಾದದ್ದು ಇಷ್ಟೇ. ನಾನು ಗೋಪುರದ ಹತ್ತಿರವೇ ಇರಬೇಕೆಂದು ಹಗ್ಗವನ್ನು ಗಿಡ್ಡ ಮಾಡಿ ಲಂಗರನ್ನು ಮೇಲಕ್ಕೆ ಕೀಳುತ್ತಿದ್ದೆ. ದೂರದಲ್ಲಿ ಇಳಿಸಿ, ನೀರಿನ ಆಳಕ್ಕಿಂತ ಐದಾರು ಪಟ್ಟು ಹಗ್ಗ ಬಿಟ್ಟುಕೊಂಡು ಹಿಂದಕ್ಕೆ ಬರಬೇಕಿತ್ತು. ಭಾರ ಎಷ್ಟಿದ್ದರೂ ಎಳೆತ ನೆಲಕ್ಕೆ ಸಮವಾಗಿಲ್ಲದಿದ್ದರೆ ಪ್ರಯೋಜನವಿರಲಿಲ್ಲ.

ಶ್ರೀಕಂಠಯ್ಯನವರಿಗೆ ಹೇಳಿದೆ. ಅವರು ಕೊಡೆಯ ತುದಿಯಿಂದ ನೆಲದ ಮೇಲೆ ಗೆರೆ ಎಳೆದು ಯೋಚಿಸಿದರು. "ಮದ್ರಾಸಿನಲ್ಲಿ ದೋಣಿಗಳನ್ನು ನೋಡಿದ್ದೆ. ಲಂಗರಿಗೂ ಹಗ್ಗಕ್ಕೂ ನಡುವೆ ಒಂದಷ್ಟು ಉದ್ದ ಸರಪಳಿ ಇರ್ತಿತ್ತು. ಯಾಕೆ ಅಂತ ಈಗ ಅರ್ಥವಾಯ್ತು ನೋಡು. ಸರಪಳಿಯ ಭಾರಕ್ಕೆ ಅದು ನೆಲದ ಮೇಲೇ ಮಲಗಿರುತ್ತೆ. ಗಾಳಿ ಜಗ್ಗಿದರೂ ಲಂಗರಿನ ತಲೆ ಏಳೋದಿಲ್ಲ." ಹಾಗೆ ಹೇಳುವಾಗ ಅವರ ಮುಖದಲ್ಲಿ ನನ್ನಷ್ಟೇ ಸಂತೋಷವಿತ್ತು.

ಹೊಸ ಲಂಗರನ್ನು ಗಣಿಯ ಕಮ್ಮಾರಸಾಲೆಯಲ್ಲಿ ಆರುಮುಗಂ ಮಾಡಿಕೊಟ್ಟ. ಅವನದು ಅರ್ಧ ತಮಿಳು, ಅರ್ಧ ಕನ್ನಡ, ಸಿಟ್ಟು ಬಂದರೆ ತೆಲುಗು. ನಾನು ಹೇಳಿದ್ದನ್ನು ಕೇಳಿ, "ಎನ್ನಪ್ಪಾ, ತಣ್ಣೀರೊಳಗೆ ಉಳುಮೆ ಮಾಡ್ತೀಯಾ?" ಎಂದು ನಕ್ಕ. ಆಮೇಲೆ ನಗು ಬಿಟ್ಟು ಕೆಲಸಕ್ಕೆ ನಿಂತ. ಎರಡೇ ತೋಳು ಇಟ್ಟ. ಮೆತ್ತನೆ ಕೆಸರನ್ನು ಸಣ್ಣ ಕೊಕ್ಕೆ ಸೀಳಿಕೊಂಡು ಬರುತ್ತದೆಂದು ತೋಳುಗಳ ತುದಿಯನ್ನು ಸಲಿಕೆಯ ಹಾಗೆ ಅಗಲ ಮಾಡಿದ. ಲಂಗರು ಅಡ್ಡಡ್ಡ ಮಲಗಿಬಿಡದೆ ಒಂದು ತೋಳು ಯಾವಾಗಲೂ ಕೆಳಮುಖವಾಗಿರಲೆಂದು, ಮೇಲ್ತುದಿಯಲ್ಲಿ ತೋಳುಗಳಿಗೆ ಅಡ್ಡವಾಗಿ ಒಂದು ಸಲಾಕೆ ತೂರಿಸಿದ. ಆ ಸಲಾಕೆಯ ಯೋಚನೆ ಅವನದೇ.

ಅದನ್ನು ಬೀಸಿ ಎಸೆಯುವ ಠೀವಿಯನ್ನೂ ನಾನು ಬಿಟ್ಟೆ. ಗಾಳಿಗೆ ಎದುರಾಗಿ ಹೋಗಿ, ದೋಣಿ ನಿಂತ ಮೇಲೆ ಮೆಲ್ಲಗೆ ಇಳಿಸುವುದು. ದೋಣಿ ಹಿಂದಕ್ಕೆ ತೇಲಿದಂತೆ ಹಗ್ಗ ಬಿಡುವುದು. ಕೊನೆಗೆ ಎಂಜಿನ್ನನ್ನು ಹಿಮ್ಮುಖವಾಗಿ ಓಡಿಸಿ ಎಳೆಯುವುದು. ನಿಂತಿದೆಯೋ ಇಲ್ಲವೋ ತಿಳಿಯಲು, ದಡದ ಹುಣಸೆಮರದ ನೇರಕ್ಕೆ ಅದರ ಹಿಂದಿನ ಗುಡ್ಡದ ಬಂಡೆಯೊಂದನ್ನು ಗುರುತಿಟ್ಟುಕೊಂಡೆವು. ಮೊದಲ ದಿನ ನಾವಿಬ್ಬರೂ ಉಸಿರು ಬಿಗಿಹಿಡಿದು ಅವೆರಡನ್ನೇ ನೋಡುತ್ತ ಕುಳಿತೆವು. ಮರವೂ ಬಂಡೆಯೂ ಒಂದರ ಮೇಲೊಂದು ಇದ್ದ ಹಾಗೇ ಇದ್ದವು. ಯಲ್ಲಪ್ಪಣ್ಣ ಎದ್ದು ಕೊಕ್ಕೆ ತೆಗೆದುಕೊಂಡು, "ನಿಂತ್ಕಂತು ಕಣ್ಲಾ, ನಮ್ಮಪ್ಪ!" ಎಂದು ಗೋಪುರಕ್ಕೆ ಕೇಳುವಂತೆ ಕೂಗಿದ.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಒಂದು ಬೆಳಿಗ್ಗೆ ಹಗ್ಗ ಎಳೆದರೆ ಸರಪಳಿ ಮಾತ್ರ ಬಂತು. ಸರಪಳಿಯನ್ನು ಲಂಗರಿಗೆ ಸೇರಿಸಿದ್ದ ಕೊಂಡಿಯ ತಿರುಪು, ದೋಣಿಯ ಓಲಾಟಕ್ಕೆ ತಾನಾಗಿ ಬಿಚ್ಚಿಕೊಂಡು ಬಿದ್ದುಹೋಗಿತ್ತು. ಮೊದಲಿನ ಪಾತಾಳಗರಡಿಯನ್ನೇ ಇಳಿಸಿ ಮಧ್ಯಾಹ್ನದವರೆಗೆ ಕೆಸರು ಗೋರಿ ಲಂಗರನ್ನು ಹುಡುಕಿ ತೆಗೆದೆವು. ಅಂದಿನಿಂದ ತಿರುಪು ಹಾಕಿದ ಮೇಲೆ ಅದರ ಕಣ್ಣಿಗೆ ತಂತಿ ಪೋಣಿಸಿ ಕಟ್ಟದೆ ನಾನು ದಡ ಬಿಟ್ಟವನಲ್ಲ. ದೋಣಿಯ ಜೊತೆಗೆ ಬಂದಿದ್ದ ನೂಲಿನ ಹಗ್ಗ ನೆನೆದು ನೆನೆದು ಒಳಗೇ ಕೊಳೆತಿತ್ತು. ಅದನ್ನು ಎಸೆದು ನಾರಿನ ಹಗ್ಗ ತಂದು ಟಾರಿನಲ್ಲಿ ಅದ್ದಿದೆವು. ಇನ್ನೊಂದು ದಿನ ಲಂಗರು ಮುಳುಗಿದ ಹಳೆಯ ಮರದ ಬೇರಿಗೆ ಸಿಕ್ಕಿ ಎಷ್ಟು ಎಳೆದರೂ ಬರಲಿಲ್ಲ. ಯಲ್ಲಪ್ಪಣ್ಣ ಮುಳುಗಿ ಬಿಡಿಸಬೇಕಾಯಿತು. ಮೇಲೆ ಬಂದವನೇ ಬಲೆಗೆ ಕಟ್ಟುವ ಒಣ ಸೋರೆಬುರುಡೆಯೊಂದನ್ನು ತಂದು, ಸಣ್ಣ ಹಗ್ಗದಲ್ಲಿ ಲಂಗರಿನ ಬುಡಕ್ಕೆ ಕಟ್ಟಿದ. "ಇದು ಮ್ಯಾಲೆ ತೇಲ್ತಾ ಇರ್ತದೆ. ಸಿಕ್ಕಾಕ್ಕಂಡ್ರೆ ಬುರುಡೆ ಹಿಡ್ದು ಹಿಂದ್ಲಿಂದ ಎಳಿ. ಚೇಳು ಹಿಡ್ದಂಗೆ, ಬಾಲದ ಕಡೆಯಿಂದ."

ಶ್ರಾವಣ, ಭಾದ್ರಪದ ಹೀಗೆ ಕಳೆದವು. ನನ್ನ ಹೆಗಲು ಗಟ್ಟಿಯಾಯಿತು. ಗಣಿಯ ಬಿಸಿಗೆ ಬೂದಿ ಬಣ್ಣವಾಗಿದ್ದ ಚರ್ಮ ಬಿಸಿಲಿಗೆ ಮತ್ತೆ ಕಪ್ಪಾಯಿತು. ಮಧ್ಯಾಹ್ನ ಏರಿಯ ಮೇಲೆ ಲಕ್ಷ್ಮಮ್ಮ ಬುತ್ತಿ ತರುತ್ತಿದ್ದಳು. ಯಲ್ಲಪ್ಪಣ್ಣ ಕೊಡುತ್ತಿದ್ದ ಮೀನಿನ ಸಾರು ಅಷ್ಟು ರುಚಿಯಾಗಿರುತ್ತದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ದೀಪಾವಳಿಗೆ ಮುಂಚೆ ಮಳೆ ಹಿಡಿಯಿತು. ಕೆರೆಗೆ ನೀರು ತರುವ ಪಾಲಾರ್ ಹೊಳೆ ಕೆಂಪಗೆ ಹರಿದು ಬಂತು. ಕೆರೆ ತುಂಬಿ ಕೋಡಿ ಬಿತ್ತು. ಕೋಡಿಯ ಆಚೆ ನೀರು ಬಂಡೆಗಳ ಮೇಲೆ ಧುಮುಕುವ ಸದ್ದು ನಮ್ಮ ಮನೆಯೊಳಗೂ ಕೇಳುತ್ತಿತ್ತು. ಒಂದು ಮಧ್ಯಾಹ್ನ, ಮೇಲಿನ ದಂಡೆಯಿಂದ ಕಿತ್ತುಕೊಂಡ ಜೊಂಡಿನ ದೊಡ್ಡ ತೇಲುಗಡ್ಡೆಯೊಂದು, ರಾಗಿ ಒಕ್ಕುವ ಕಣದಷ್ಟು ಅಗಲ, ಗೋಪುರದ ಕಡೆಗೆ ಬರುತ್ತಿರುವುದು ಕಂಡಿತು. ಅದು ಜಾಲರಿಗೆ ಕೂತರೆ ಗಣಿಯ ಅಷ್ಟೂ ಮನೆಗಳಿಗೆ ನೀರು ನಿಲ್ಲುತ್ತಿತ್ತು. ನಾನು, ಯಲ್ಲಪ್ಪಣ್ಣ ಹೊರಟೆವು. ಶ್ರೀಕಂಠಯ್ಯನವರೂ ಕೊಡೆ ಮಡಚಿ ಹತ್ತಿದರು. ಅವರಿಗೆ ಈಜು ಬಾರದು.

"ಬೇಡ ಸ್ವಾಮಿ," ಎಂದೆ.

"ನಿಮ್ಮಿಬ್ಬರನ್ನ ಕಳಿಸಿ ನಾನು ದಡದಲ್ಲಿ ನಿಲ್ಲಲಾ? ನಡಿ," ಎಂದರು.

ಗಡ್ಡೆಗೆ ಕೊಕ್ಕೆ ಹಾಕಿ, ಹಗ್ಗ ಕಟ್ಟಿ ಎಳೆಯುತ್ತ ಗೋಪುರವನ್ನು ದಾಟಿಸಿದೆವು. ಅಷ್ಟರಲ್ಲಿ ಅದು ನಡುವೆ ಹರಿದು ಎರಡಾಯಿತು. ಒಂದು ತುಂಡು ದೋಣಿಯ ಅಡಿಗೆ ನುಗ್ಗಿತು. ದೋಣಿಯನ್ನು ತಳ್ಳುವ ನೀರಿನೊಳಗಿನ ಫ್ಯಾನಿಗೆ ಜೊಂಡು ಸುತ್ತಿಕೊಂಡು ಎಂಜಿನ್ ಒಮ್ಮೆ ನರಳಿ ನಿಂತಿತು. ಆಗಲೇ ಆ ಮೌನದಲ್ಲಿ ಕೋಡಿಯ ಸದ್ದು ಎಷ್ಟು ಹತ್ತಿರವಿದೆ ಎಂದು ತಿಳಿದದ್ದು. ಸೆಳೆತ ನಮ್ಮನ್ನು ಪಕ್ಕಕ್ಕೆ ತಿರುಗಿಸಿ ಅತ್ತಲೇ ಒಯ್ಯುತ್ತಿತ್ತು.

ಯಲ್ಲಪ್ಪಣ್ಣ ಗಡ್ಡೆಗೆ ಕಟ್ಟಿದ್ದ ಹಗ್ಗ ಕಡಿದ. ನಾನು ಮೂತಿಗೆ ಓಡಿ ಲಂಗರು ಇಳಿಸಿದೆ. ತಕ್ಷಣ ಹಗ್ಗ ಬಿಗಿಹಿಡಿಯಬೇಕೆಂದು ಕೈ ಹೇಳುತ್ತಿತ್ತು. ಹಿಡಿಯಲಿಲ್ಲ. ಸರಪಳಿ ಗಲಗಲ ಓಡಿತು, ಆಮೇಲೆ ಹಗ್ಗ. ಶ್ರೀಕಂಠಯ್ಯನವರು ಅಂಚು ಹಿಡಿದು ಕುಳಿತಿದ್ದವರು, "ಕಟ್ಟು ನಾರಾಯಣಪ್ಪ, ಕಟ್ಟು!" ಎಂದರು.

"ಇನ್ನೂ ಬಿಡಬೇಕು ಸ್ವಾಮಿ," ಎಂದೆ.

ಹಗ್ಗ ಮುಗಿಯುತ್ತ ಬಂದಾಗ ಗೂಟಕ್ಕೆ ಸುತ್ತಿದೆ. ದೋಣಿ ಜಗ್ಗಿತು, ಜಾರಿತು. ಮತ್ತೆ ಜಗ್ಗಿ ಮತ್ತೂ ಸ್ವಲ್ಪ ಜಾರಿತು. ಹಗ್ಗದ ಮೇಲಿಟ್ಟ ಅಂಗೈಯಲ್ಲಿ ಕೆಳಗೆ ಕಬ್ಬಿಣ ಕೆಸರನ್ನು ಗೀರುವುದು ತಿಳಿಯುತ್ತಿತ್ತು. ಆಮೇಲೆ ಆ ಗೀರಾಟ ನಿಂತಿತು. ದೋಣಿಯ ಮೂತಿ ಮೆಲ್ಲಗೆ ಸೆಳೆತಕ್ಕೆ ಎದುರಾಗಿ ತಿರುಗಿತು. ನೀರು ಎರಡೂ ಪಕ್ಕದಲ್ಲಿ ಸೀಳಿಕೊಂಡು ಹೋಗುತ್ತಿತ್ತು, ನಾವು ಮಾತ್ರ ಇದ್ದಲ್ಲೇ ಇದ್ದೆವು. ಹಗ್ಗ ಅಂಚಿಗೆ ಉಜ್ಜುತ್ತಿದ್ದ ಕಡೆ ಎಳೆ ಬಿಡತೊಡಗಿದ್ದನ್ನು ಕಂಡು ಅಲ್ಲಿಗೆ ಒದ್ದೆ ಗೋಣಿಚೀಲ ತುರುಕಿದೆ. ಯಲ್ಲಪ್ಪಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕುಡುಗೋಲು ಹಿಡಿದು ನೀರಿಗಿಳಿದ. ಶ್ರೀಕಂಠಯ್ಯನವರು ಆ ಹಗ್ಗದ ಇನ್ನೊಂದು ತುದಿಯನ್ನು ತಮ್ಮ ಎರಡೂ ಕೈಗೆ ಸುತ್ತಿಕೊಂಡು ಕಾಲು ಒತ್ತಿ ಕುಳಿತರು. ಅವನು ಮುಳುಗಿದಾಗಲೆಲ್ಲ ಅವರ ತುಟಿ ಅಲುಗುತ್ತಿತ್ತು. ಹಿಡಿಹಿಡಿಯಾಗಿ ಜೊಂಡು ಮೇಲೆ ಬಂತು. ಕೊನೆಗೆ ಅವನೂ ಬಂದ. "ಆಯ್ತು, ಚಾಲೂ ಮಾಡ್ಲಾ," ಎಂದ.

ಎಂಜಿನ್ ಹತ್ತಿತು. ಲಂಗರು ಬರಲಿಲ್ಲ, ಅಷ್ಟು ಆಳಕ್ಕೆ ಹೂತಿತ್ತು. ಬುರುಡೆಯ ಹತ್ತಿರ ಹೋಗಿ ಅದರ ಹಗ್ಗವನ್ನು ಹಿಂದಿನಿಂದ ಎಳೆದಾಗ, ಕೆಸರು ಕಾರುತ್ತ ಮೇಲೆ ಬಂತು.

ಏರಿಯ ಮೇಲೆ ಊರೇ ಸೇರಿತ್ತು. ಶ್ರೀಕಂಠಯ್ಯನವರು ಇಳಿದು, ನೆನೆದ ಪಂಚೆ ಹಿಂಡಿಕೊಂಡು, ಕೆಂಪಗೆ ಗೆರೆ ಬಿದ್ದಿದ್ದ ತಮ್ಮ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. ಲಕ್ಷ್ಮಮ್ಮ ಮುಂದೆಯೇ ನಿಂತಿದ್ದಳು. ಅವರು ಅವಳಿಗೇ ಹೇಳಿದರು: "ಇವನು ಇನ್ನು ಇಲ್ಲೇ ಕಣಮ್ಮ. ನಾನು ಹೇಳ್ತೀನಿ, ಯಾರು ಇಲ್ಲ ಅಂತಾರೋ ನೋಡೋಣ."

ಯಾರೂ ಇಲ್ಲ ಎನ್ನಲಿಲ್ಲ. ಕಾರ್ತಿಕ ಮಾಸದಲ್ಲಿ ಒಂದು ದಿನ ಗಣಿಗೆ ಹೋಗಿ ಕೆಳಗಿಳಿಯುವಾಗ ಒಯ್ಯುತ್ತಿದ್ದ ನನ್ನ ದೀಪ, ನಂಬರಿನ ಹಿತ್ತಾಳೆ ಬಿಲ್ಲೆ ಎರಡನ್ನೂ ಒಪ್ಪಿಸಿ ಬಂದೆ. ಜೊತೆಗಾರರು ಸುರಂಗಕ್ಕಿಳಿಸುವ ಕಬ್ಬಿಣದ ತೊಟ್ಟಿಲು ಹತ್ತಿ ಕೆಳಗಿಳಿಯುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದೆ. ಅವರಲ್ಲೊಬ್ಬ ಕೈ ಬೀಸಿದ. ಸಂತೋಷದ ಜೊತೆಗೆ ಎದೆಯಲ್ಲಿ ಏನೋ ಒಂದು ಭಾರವಾಗಲಿಲ್ಲವೆಂದು ಸುಳ್ಳು ಹೇಳಲಾರೆ.

ಮರುದಿನ ಲಕ್ಷ್ಮಮ್ಮ ಬುತ್ತಿಯನ್ನು ಏರಿಯ ಮೇಲೆ ಇಡದೆ, ಸೀರೆ ಎತ್ತಿ ಕಟ್ಟಿ ದೋಣಿಗೇ ಹತ್ತಿದಳು. "ನಾನೂ ನೋಡ್ತೀನಿ, ಅದೆಂಗೆ ನಿಲ್ತದೆ ಅಂತ." ಯಲ್ಲಪ್ಪಣ್ಣ, ತನಗೆ ಬಲೆ ನೇಯುವ ಕೆಲಸವಿದೆ ಎಂದು ದಡದಲ್ಲೇ ಉಳಿದ. ಕೆರೆಯ ನಡುವೆ ಹೋಗಿ ಲಂಗರು ಇಳಿಸಿದೆ. ಮಳೆ ಮುಗಿದು ತೊಳೆದಿಟ್ಟ ಹಾಗಿದ್ದ ಆಕಾಶ, ಎಳೆ ಬಿಸಿಲು. ಇಬ್ಬರೂ ಉಂಡೆವು. ಅವಳು ನೀರಿಗೆ ಕೈ ಬಿಟ್ಟುಕೊಂಡು ಅದೂ ಇದೂ ಮಾತಾಡುತ್ತಿದ್ದವಳು, ನನ್ನ ಒಂದು ಮಾತಿಗೆ ಉತ್ತರ ಬರಲಿಲ್ಲವೆಂದು ನಾನು ತಿರುಗಿ ನೋಡಿದರೆ, ಹಗ್ಗದ ಸುರುಳಿಗೆ ತಲೆಯಿಟ್ಟು ಮಲಗಿಬಿಟ್ಟಿದ್ದಳು. ನಮ್ಮ ಮದುವೆಯಾದಾಗಿನಿಂದ, ನಾನು ಗಣಿಯ ಕೆಳಗಿದ್ದಷ್ಟು ಹೊತ್ತೂ ಅವಳು ಕಣ್ಣು ಮುಚ್ಚುತ್ತಿರಲಿಲ್ಲವೆಂದು ಅಕ್ಕಪಕ್ಕದವರು ಹೇಳಿ ನನಗೆ ಗೊತ್ತಿತ್ತು. ಅವಳಾಗಿ ಅದನ್ನು ಒಂದು ದಿನವೂ ಹೇಳಿರಲಿಲ್ಲ.

ಪಂಪಿನ ಮನೆಯ ಕಡೆಯಿಂದ ಯಾರೋ ಕೂಗಿ ಕರೆದರು. ಎಂಜಿನ್ ಸದ್ದಿಗೆ ಅವಳಿಗೆ ಎಚ್ಚರವಾದೀತೆಂದು, ಬರುತ್ತೇನೆ ಎಂದು ಕೈಯಲ್ಲೇ ಸನ್ನೆ ಮಾಡಿ, ಹಾಗೇ ಕುಳಿತೆ.